ಸಣ್ಣಜ್ಜ ಸಿಕ್ಕ ಮಧ್ಯಾಹ್ನ

ನಮ್ಮ ಅಜ್ಜ ತನ್ನ ಒಡಹುಟ್ಟಿದ ತಮ್ಮನನ್ನು ಹೊಡೆದು ಬಾವಿಗೆ ಹಾಕಿದ್ದಾನೆ ಎಂಬ ಮಾತು ಮೊದಲ ಸಲ ನನ್ನ ಕಿವಿಗೆ ಬಿದ್ದಾಗ ನಾನು ಏಳನೆಯ ತರಗತಿಯಲ್ಲಿದ್ದೆ. ಕೊಟ್ಟೂರಿನ ಒಂದು ಮದುವೆ ಮನೆ. ಗುಡೇಕೋಟೆ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳು ನನ್ನ ಗಲ್ಲ ಹಿಡಿದು, "ಯಾರ ಮಗಳವ್ವ ನೀ?" ಎಂದು ಪ್ರೀತಿಯಿಂದ ಕೇಳಿದಳು. ನಾನು ಅಪ್ಪನ ಹೆಸರು ಹೇಳಿದೆ. ಗಲ್ಲದ ಮೇಲಿದ್ದ ಕೈ ಹಿಂದಕ್ಕೆ ಹೋಯಿತು. ಅವಳು ಪಕ್ಕದವಳ ಕಡೆ ತಿರುಗಿ, "ಬಾವಿಯೋರ ಮನಿ ಹುಡುಗಿ," ಎಂದಳು. ಆ ಪಕ್ಕದವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಮನೆಗೆ ಬಂದು ಅವ್ವನನ್ನು ಕೇಳಿದೆ. ಅವ್ವ ಒಲೆಯ ಮುಂದೆ ಕೂತು, ದನಿ ತಗ್ಗಿಸಿ, ತನಗೆ ಗೊತ್ತಿದ್ದಷ್ಟನ್ನು ಹೇಳಿದಳು. "ನಿಮ್ಮಪ್ಪನ ಮುಂದ ಈ ಮಾತು ಎತ್ತಬ್ಯಾಡ. ಊಟ ಬಿಟ್ಟು ಏಳ್ತಾರ," ಎಂದು ಕೈ ಮೇಲೆ ಕೈ ಹಾಕಿಸಿಕೊಂಡಳು.

ಅವ್ವ ಹೇಳಿದ್ದು ಇಷ್ಟು. ಗುಡೇಕೋಟೆಯಲ್ಲಿ ನಮ್ಮ ಅಜ್ಜ ಮತ್ತು ಅವನ ತಮ್ಮ, ಇಬ್ಬರೇ. ತಂದೆ ತಾಯಿ ಬೇಗ ತೀರಿಹೋಗಿದ್ದರಿಂದ ಹತ್ತು ವರ್ಷಕ್ಕೆ ದೊಡ್ಡವನಾದ ಅಜ್ಜನೇ ತಮ್ಮನನ್ನು ಸಾಕಿದ್ದ. ಇಟ್ಟಿಗಿಯಿಂದ ಹೆಣ್ಣು ತಂದು ಮದುವೆಯನ್ನೂ ಮಾಡಿದ್ದ. ಆಗ ದೊಡ್ಡ ಯುದ್ಧ ನಡೆದಿದ್ದ ಕಾಲ. ತಮ್ಮ ಒಂದು ದಿನ ಪಾಲು ಕೇಳಿದ. ಬಾವಿಯ ಹತ್ತಿರದ ಹೊಲ ತನಗೇ ಬೇಕು ಎಂದ. ಮಾತಿಗೆ ಮಾತು ಬೆಳೆದು ಅಜ್ಜ ಅವನ ಕಪಾಳಕ್ಕೆ ಹೊಡೆದ. ಪಕ್ಕದ ಹೊಲದವನು ಅದನ್ನು ನೋಡಿದ. ಮರುದಿನ ಬೆಳಗ್ಗೆ ತಮ್ಮ ಇರಲಿಲ್ಲ. ಅವನ ಟವೆಲ್ಲು ಬಾವಿಯ ಮೆಟ್ಟಿಲ ಮೇಲೆ ಬಿದ್ದಿತ್ತು.

ಊರವರು ಪಾತಾಳಗರಡಿಯ ಕೊಕ್ಕೆಗಳನ್ನು ಇಳಿಬಿಟ್ಟು ಎರಡು ದಿನ ಬಾವಿ ಜಾಲಾಡಿದರು. ಒಂದು ಹಳೆಯ ಕೊಡ ಸಿಕ್ಕಿತು, ಮನುಷ್ಯ ಸಿಗಲಿಲ್ಲ. ತಳದಲ್ಲಿ ಬಂಡೆಯ ಕೆಳಗೆ ಪೊಟರೆ ಇದೆ, ಅಲ್ಲಿ ಸಿಕ್ಕಿಕೊಂಡಿರಬೇಕು ಎಂದು ಯಾರೋ ಅಂದರು. ಪೊಲೀಸರು ಅಜ್ಜನನ್ನು ಕರೆದುಕೊಂಡು ಹೋಗಿ ಮೂರು ದಿನ ಕೂಡಿಸಿಕೊಂಡು ಕೇಳಿ, ಏನೂ ಸಿಗದೆ ಬಿಟ್ಟರು. ಊರು ಮಾತ್ರ ಬಿಡಲಿಲ್ಲ. ಅಜ್ಜ ತಮ್ಮನನ್ನು ಹುಡುಕುತ್ತ ದಾವಣಗೆರೆ, ಹೊಸಪೇಟೆ ತಿರುಗಿದ. ಮೈಲಾರಕ್ಕೆ ಹೋಗಿ, ಮನೆ ಬಿಟ್ಟು ದೇವರ ಹೆಸರಿನಲ್ಲಿ ತಿರುಗುವ ಗೊರವರ ಗುಂಪಿನಲ್ಲಿ ಒಬ್ಬೊಬ್ಬರ ಮುಖ ನೋಡಿ ಬಂದ. ಅದನ್ನೂ ಜನ ನಾಟಕ ಅಂದರು. ನಮ್ಮ ಮನೆಗೆ 'ಬಾವಿಯೋರ ಮನಿ' ಎಂಬ ಹೆಸರು ನಿಂತಿತು. ನಮ್ಮಪ್ಪನಿಗೆ ಹೆಣ್ಣು ಕೊಡಲು ಬಂದ ಮೂರು ಕಡೆಯವರು ಊರಲ್ಲಿ ವಿಚಾರಿಸಿ ಹಿಂದಕ್ಕೆ ಹೋದರು. ನಾಲ್ಕನೆಯವಳು ನಮ್ಮವ್ವ, ದೂರದ ಹರಪನಹಳ್ಳಿಯವಳು. ಅವಳ ತವರಿನವರಿಗೆ ಈ ಮಾತು ತಿಳಿದದ್ದು ಮದುವೆಯಾದ ಮೇಲೆ.

ಅಜ್ಜ ತೀರಿಕೊಂಡ ಮೇಲೆ ಅಪ್ಪ ಹೊಲವನ್ನು ಬೇರೆಯವರಿಗೆ ಪಾಲಿಗೆ, ಕೋರಿಗೆ, ಕೊಟ್ಟು ಕೊಟ್ಟೂರಿಗೆ ಬಂದು ಹಗ್ಗ, ಮಿಣಿ, ಬಾರುಕೋಲು ಮಾರುವ ಅಂಗಡಿ ಇಟ್ಟ. ಬರುವಾಗ ತನ್ನ ಚಿಕ್ಕಮ್ಮನನ್ನೂ, ಅಂದರೆ ಕಾಣೆಯಾದವನ ಹೆಂಡತಿಯನ್ನೂ, ಕರೆದುಕೊಂಡು ಬಂದ. ಅವಳೇ ನಮ್ಮ ಸಣ್ಣಜ್ಜಿ.

ನನ್ನನ್ನೂ ನನ್ನ ತಮ್ಮಂದಿರನ್ನೂ ಎರೆದು ಬೆಳೆಸಿದವಳು ಸಣ್ಣಜ್ಜಿ. ದಿನಾ ಬೆಳಗ್ಗೆ ಅಂಗೈ ಅಗಲದ ಕನ್ನಡಿಯೊಂದನ್ನು ಕಿಟಕಿಗೆ ಒರಗಿಸಿ, ವಿಭೂತಿ ಹಚ್ಚಿ, ಅದರ ಕೆಳಗೆ ಕಾಸಗಲದ ಕುಂಕುಮ ಇಡುತ್ತಿದ್ದಳು. ಗಂಡ ಸತ್ತಿದ್ದಾನೆ ಎಂದು ಯಾರೂ ಹೇಳಿರಲಿಲ್ಲ, ಬದುಕಿದ್ದಾನೆ ಎಂದೂ ಹೇಳಿರಲಿಲ್ಲ. ಅಜ್ಜ ಬದುಕಿದ್ದಾಗ ಅವನಿಗೆ ಉಣ್ಣಲು ಇಡುವಾಗ ತಟ್ಟೆಯನ್ನು ನೆಲಕ್ಕೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಗಂಡನ ಅಣ್ಣನೆಂಬ ಮರ್ಯಾದೆ ಅದು ಎಂದು ನಾವೆಲ್ಲ ತಿಳಿದಿದ್ದೆವು.

ಹೀಗೆ ಎಲ್ಲರೂ ಗೊತ್ತಿದ್ದೂ ಗೊತ್ತಿಲ್ಲದವರಂತೆ ಇದ್ದುಬಿಟ್ಟಿದ್ದೆವು. ನಾನು ಓದಿ, ಹಗರಿಬೊಮ್ಮನಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿಯಾದೆ. ಮದುವೆಯಾಗಿ ಮಗಳು ಹುಟ್ಟಿದ ಮೇಲೂ ನಾವು ಕೊಟ್ಟೂರಿನಲ್ಲಿ ಅಪ್ಪನ ಜೊತೆಗೇ ಇದ್ದೆವು. ಅಣ್ಣ ತಮ್ಮಂದಿರನ್ನು ಕೊಂದು ಪಟ್ಟಕ್ಕೇರಿದ ಅರಸರ ಪಾಠ ಬಂದಾಗ ಪುಸ್ತಕ ನೋಡಿಕೊಂಡು ಬೇಗ ಬೇಗ ಓದಿ ಮುಗಿಸುತ್ತಿದ್ದೆ.

ಎರಡು ಸಾವಿರದ ಮೂರರ ಸುಮಾರಿಗೆ ಅಪ್ಪನಿಗೆ ಹೊಟ್ಟೆಯ ಆಪರೇಷನ್ ಆಯಿತು. ಅವ್ವ ಆಗ ಇರಲಿಲ್ಲ, ಹೋಗಿ ನಾಲ್ಕು ವರ್ಷವಾಗಿತ್ತು. ಆಸ್ಪತ್ರೆಯಲ್ಲಿ ಅಪ್ಪನ ಜೊತೆ ನಾನೇ ಇದ್ದೆ. ಎರಡನೆಯ ದಿನ, ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ, ಅಪ್ಪ ನನ್ನ ಮುಂಗೈ ಹಿಡಿದುಕೊಂಡ.

"ಅವ್ವಾ, ನೀ ಓದಿದಾಕಿ. ಒಂದು ಮಾತು ಕೇಳ್ಲೇನು?"

"ಕೇಳಪ್ಪ."

"ನಮ್ಮಪ್ಪ ಹಂಗ ಮಾಡಿರ್ತಾನ ಅನಿಸ್ತೈತೇನು ನಿನಗ?"

ಅಪ್ಪನಿಗೆ ಆಗ ಅರವತ್ತು ದಾಟಿತ್ತು. ಸಣ್ಣಜ್ಜ ಕಾಣೆಯಾದಾಗ ಅವನು ಅಂಬೆಗಾಲಿಡುವ ಕೂಸು. ಅರವತ್ತು ವರ್ಷ ಅವನು ತಂದೆಯನ್ನು ಸಮರ್ಥಿಸಿಕೊಂಡೂ ಇರಲಿಲ್ಲ, ಬಿಟ್ಟುಕೊಟ್ಟೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದ, ಅಷ್ಟೆ. ಅವನಿಗೇ ಅನುಮಾನ ಇತ್ತು ಎಂಬುದು ನನಗೆ ಆ ದಿನ ಗೊತ್ತಾಯಿತು. ನಾನು "ಇಲ್ಲಪ್ಪ" ಎಂದೆ. ಆದರೆ ಅನ್ನುವ ಮುನ್ನ ಒಂದು ಗಳಿಗೆ ತಡೆದೆ. ಆ ಗಳಿಗೆಯನ್ನು ಅಪ್ಪ ಗಮನಿಸಿದ. ಕೈ ಬಿಟ್ಟು ಗೋಡೆಯ ಕಡೆ ಮಗ್ಗುಲಾದ.

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಟೈಪಿಂಗ್ ಶಾಲೆ ಇತ್ತು. ನೌಕರಿ ಸಿಗುವ ಮುಂಚೆ ನಾನೂ ಅಲ್ಲಿ ಟೈಪಿಂಗ್ ಕಲಿತಿದ್ದೆ. ಕಲಿಯುವವರು ಕಡಿಮೆಯಾದ ಮೇಲೆ ಅದನ್ನು ನಡೆಸುತ್ತಿದ್ದ ಟೀಚರು ನಾಲ್ಕು ಕಂಪ್ಯೂಟರು ತರಿಸಿ, ಬಾಗಿಲ ಮೇಲೆ 'ಇಂಟರ್‌ನೆಟ್' ಎಂದು ಬರೆಸಿದ್ದರು. ಹಳೆಯ ಟೈಪ್‌ರೈಟರುಗಳು ಬಟ್ಟೆ ಹೊದ್ದುಕೊಂಡು ಹಿಂದಿನ ಗೋಡೆಗೆ ಸಾಲಾಗಿ ಕೂತಿದ್ದವು. ಟೀಚರಿಗೆ ಐವತ್ತೈದು ದಾಟಿತ್ತು. ಕನ್ನಡಕಕ್ಕೆ ಸರಪಳಿ ಹಾಕಿ ಕೊರಳಿಗೆ ಇಳಿಬಿಟ್ಟಿರುತ್ತಿದ್ದರು. ಪರೀಕ್ಷೆಯ ಫಲಿತಾಂಶ ನೋಡಲು ಬರುವವರು ಬಿಟ್ಟರೆ ಅಲ್ಲಿ ಹೆಚ್ಚು ಜನ ಇರುತ್ತಿರಲಿಲ್ಲ.

ನಾನು ಹೋಗಿ, "ಟೀಚರ್, ಇದರಾಗ ಕಳೆದು ಹೋದೋರು ಸಿಗ್ತಾರೇನ್ರಿ?" ಎಂದೆ.

"ಯಾವಾಗ ಕಳೆದಾರ?"

"ಅರವತ್ತು ವರ್ಷ ಆತು."

ಅವರು ಕನ್ನಡಕ ಏರಿಸಿ ನನ್ನ ಮುಖ ನೋಡಿದರು. "ಕುಂದ್ರು. ನೋಡೇ ಬಿಡೋಣು," ಎಂದರು.

ಫೋನಿನ ತಂತಿ ಕಿರ್ರೆಂದು ಕಿರುಚಿ, ಉಗ್ಗಿ, ಕೊನೆಗೆ ಸುಮ್ಮನಾಗಿ ದಾರಿ ಬಿಟ್ಟಿತು. ನಮ್ಮ ಮನೆತನದ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿದೆವು. ಎಲ್ಲಿಯದೋ ಊರಿನ ಹಲ್ಲಿನ ಡಾಕ್ಟರೊಬ್ಬ ಸಿಕ್ಕ. ಒಬ್ಬ ಕ್ರಿಕೆಟ್ ಆಟಗಾರ ಸಿಕ್ಕ. ಸಣ್ಣಜ್ಜನ ಹೆಸರು ಹಾಕಿದರೆ ಪುಟಗಟ್ಟಲೆ ದೇವಸ್ಥಾನಗಳು ಬಂದವು. ಎರಡು ವಾರ ಹೀಗೇ ಹೋಯಿತು. ಶಾಲೆ ಬಿಟ್ಟ ಮೇಲೆ ಒಂದು ತಾಸು ಕೂತು, ಕೊಟ್ಟೂರಿನ ಬಸ್ಸು ಹಿಡಿದು ಬರುತ್ತಿದ್ದೆ.

ಹೀಗೆ ತಡಕಾಡುವಾಗ ಒಂದು ಪರದೇಶದ ಪುಟ ಸಿಕ್ಕಿತು. ಮನೆತನದ ಚರಿತ್ರೆ ಹುಡುಕುವವರಿಗಾಗಿ ಬರೆದದ್ದು. ಆ ದೇಶದವರಿಗೆ ಇದೊಂದು ಹವ್ಯಾಸವೆಂದು ನನಗೆ ಆಗ ತಿಳಿಯಿತು. ಮುಪ್ಪಿನಲ್ಲಿ ಕೂತು ಮುತ್ತಜ್ಜ, ಮುತ್ತಜ್ಜಿಯರನ್ನು ಹುಡುಕುತ್ತಾರಂತೆ. ಅದರಲ್ಲಿ ಬರೆದಿದ್ದ ಮೊದಲ ಸೂಚನೆ ಓದಿ ಟೀಚರೂ ನಾನೂ ನಕ್ಕೆವು. ಈ ಕಂಪ್ಯೂಟರನ್ನು ಆರಿಸಿ, ಮನೆಗೆ ಹೋಗಿ, ನಿಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರ ಪಕ್ಕ ಕೂತು ಕೇಳಿ, ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳಿ, ಕೆಲಸಕ್ಕೆ ಬಾರದು ಅನ್ನಿಸಿದ್ದನ್ನು ಮೊದಲು ಬರೆದುಕೊಳ್ಳಿ.

ತುಂಬಿಸಲು ಒಂದು ನಕ್ಷೆಯನ್ನೂ ಕೊಟ್ಟಿದ್ದರು. ಒಂದು ಚೌಕದಿಂದ ಎರಡು, ಎರಡರಿಂದ ನಾಲ್ಕು. ತಂದೆ ತಾಯಿ, ಅವರ ತಂದೆ ತಾಯಿ. ಅಜ್ಜನ ತಮ್ಮನಿಗೆ, ಅವನ ಹೆಂಡತಿಗೆ ಅದರಲ್ಲಿ ಜಾಗ ಇರಲಿಲ್ಲ. ಪ್ರಿಂಟು ತೆಗೆಸಿಕೊಂಡು ಬಂದು ಬಾಲ್‌ಪೆನ್ನಿನಲ್ಲಿ ಅಜ್ಜನ ಪಕ್ಕ ಎರಡು ಚೌಕ ನಾನೇ ಎಳೆದೆ.

ಒಂದು ಭಾನುವಾರ ಮಧ್ಯಾಹ್ನ ಸಣ್ಣಜ್ಜಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ತೊಗರಿಬೇಳೆಯಲ್ಲಿ ಹರಳು ಆರಿಸುತ್ತಿದ್ದಳು. ಅಪ್ಪ ಅಂಗಡಿಯಲ್ಲಿದ್ದ. ನಾನು ನೋಟ್‌ಬುಕ್ಕು ಹಿಡಿದು ಪಕ್ಕದಲ್ಲಿ ಕೂತೆ.

"ಸಣ್ಣಜ್ಜಿ, ಸಣ್ಣಜ್ಜ ಹೆಂಗಿದ್ದ?"

ಮೊರದ ಮೇಲಿನ ಬೆರಳು ನಿಂತಿತು. "ಯಾಕ ಕೇಳ್ತಿ?"

"ಬರಕೊಳ್ಳಾಕ."

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಎತ್ರ ಇದ್ದ. ನನಗಿಂತ ಏಳು ವರ್ಸಕ್ಕ ದೊಡ್ಡವ. ಸೊಟ್ಟ ನಗತಿದ್ದ, ಎಡಗಡೀಕ," ಎಂದಳು. ಮತ್ತೆ ಬೇಳೆಗೆ ಕೈ ಹಾಕಿದಳು. "ಅರವತ್ತು ವರ್ಸದಾಗ ಆತ ಹೆಂಗಿದ್ದ ಅಂತ ನನ್ನ ಕೇಳಿದಾಕಿ ನೀನ ಮೊದಲು."

ಬಾಗಿಲು ತೆರೆದ ಮೇಲೆ ಮಾತು ತಾನಾಗಿ ಬಂತು. ಅವನಿಗೆ ನವಣೆ ಅನ್ನ ಸೇರುತ್ತಿರಲಿಲ್ಲ. ಎತ್ತುಗಳಿಗೆ ಹೆಸರಿಡುತ್ತಿದ್ದ. ರಾತ್ರಿ ಹೊರಗೆ ಹೋಗಲು ಕರಡಿಯ ಹೆದರಿಕೆ ಎಂದು ಇವಳು ಅಂದರೆ ಲಾಟೀನು ಹಿಡಿದು ಜೊತೆಗೆ ಬರುತ್ತಿದ್ದ. ನಾನು ಬರೆಯುತ್ತ ಹೋದೆ. ಕೆಲಸಕ್ಕೆ ಬಾರದು ಅನ್ನಿಸಿದ್ದನ್ನೂ ಬರೆದೆ.

"ಒಂದ್ಸಲ ಕೂಡ್ಲಿಗಿ ಸಂತಿಗೆ ಹೋಗಿ ಬಂದ. ಅಲ್ಲಿ ಲಾರಿ ನಿಂತಿತ್ತಂತ. ಖಾಕಿ ಹಾಕ್ಕೊಂಡೋರು ಡಂಗುರ ಹೊಡದು ಪಲ್ಟಣಕ್ಕ ಮಂದಿ ಕರೀತಿದ್ರಂತ. 'ಕಾಲಿಗೆ ಬೂಟು ಕೊಡ್ತಾರಂತ ನೋಡು' ಅಂದ. 'ನಿನ್ನ ಕಾಲಿಗೆ ಯಾವ ಬೂಟು ಹಿಡಿಸ್ತತಿ' ಅಂತ ನಾನು ನಕ್ಕೆ. ಅದಾಗಿ ಎರಡು ದಿನಕ್ಕ ನಮ್ಮಪ್ಪ ಬಂದ, ಪಂಚಮಿಗೆ ಅಂತ ನನ್ನ ಇಟ್ಟಿಗಿಗೆ ಕರಕೊಂಡು ಹೋದ. ಮತ್ತ ಆತನ್ನ ನೋಡಲಿಲ್ಲ."

ನನ್ನ ಪೆನ್ನು ನಿಂತಿತು. "ಸಣ್ಣಜ್ಜಿ, ಈ ಲಾರಿ ಮಾತು ಯಾರ ಮುಂದನೂ ಹೇಳಿಲ್ಲೇನು?"

"ಯಾರು ಕೇಳಿದ್ರು? ಪೊಲೀಸ್ನೋರು ಭಾವಾರ್ನ ಕೇಳಿದ್ರು, ಊರಾಗಿನ ಗಂಡಸರ್ನ ಕೇಳಿದ್ರು. ನಾನು ಹದಿಮೂರು ವರ್ಸದಾಕಿ, ತವರಾಗ ಇದ್ದೆ. ಕರಕೊಂಡು ಬಂದ ಮ್ಯಾಲೂ ಯಾರೂ ಕೇಳಲಿಲ್ಲ. ಬೂಟಿನ ಮಾತು ಚೇಷ್ಟಿ ಅಂತ ನಾನೂ ಮರ್ತೆ."

ಮರುದಿನ ಟೀಚರ ಮುಂದೆ ನೋಟ್‌ಬುಕ್ಕು ಬಿಚ್ಚಿದೆ. ಅವರು ಓದಿ, "ಪಲ್ಟಣ ಅಂದ್ರ ಪಟ್ಟಿ ಇರಬೇಕು. ಸರಕಾರದೋರು ಬೂಟು ಕೊಟ್ರೂ ಬರಕೊಂತಾರ, ಮನುಷ್ಯಾನ್ನ ಬರಕೊಂಡಿರಂಗಿಲ್ಲೇನು?" ಎಂದರು.

ಆ ಪರದೇಶದ ಪುಟದಲ್ಲಿ ಪ್ರಶ್ನೆ ಬರೆದು ಹಾಕಲು ಒಂದು ಜಾಗ ಇತ್ತು. ಯಾರಿಗೆ ಗೊತ್ತಿರುತ್ತದೋ ಅವರು ಉತ್ತರ ಬರೆಯುತ್ತಿದ್ದರು. ನಾನು ಹೇಳುತ್ತ ಹೋದೆ, ಟೀಚರು ತಮ್ಮ ಹತ್ತೂ ಬೆರಳಿನಿಂದ ಚಕಚಕ ಹೊಡೆದರು. ಬಳ್ಳಾರಿ ಜಿಲ್ಲೆ, ಆಗ ಮದರಾಸು ಪ್ರಾಂತ್ಯ, ಯುದ್ಧದ ನಡುವೆ ಸೇರಿರಬಹುದು, ಓದು ಬರಹ ಬಾರದವನು, ಸುಮಾರು ಇಪ್ಪತ್ತು ವರ್ಷ. ಬದುಕಿದನೋ ಸತ್ತನೋ ತಿಳಿಯದು.

ಹತ್ತು ದಿನ ಏನೂ ಬರಲಿಲ್ಲ. ಹನ್ನೊಂದನೆಯ ದಿನ ಒಂದು ಉತ್ತರ ಇತ್ತು. ಬರೆದವರು ನಮ್ಮಪ್ಪನ ವಯಸ್ಸಿನ ಹೆಂಗಸು. ಆಕೆ ತಾಯಿಯ ಹೊಟ್ಟೆಯಲ್ಲಿದ್ದಾಗ ತಂದೆ ಬರ್ಮಾದಲ್ಲಿ ಸತ್ತಿದ್ದರಂತೆ. ಯುದ್ಧದಲ್ಲಿ ಮಡಿದವರ ಹೆಸರುಗಳ ದೊಡ್ಡ ದಾಖಲೆಯೊಂದನ್ನು ಈಗ ಇಂಟರ್‌ನೆಟ್ಟಿಗೆ ಹಾಕಿದ್ದಾರೆ, ಅದರಲ್ಲಿ ಭಾರತದವರೂ ಇದ್ದಾರೆ ಎಂದು ದಾರಿ ತೋರಿಸಿದ್ದರು. ಕೊನೆಗೆ ಒಂದು ಮಾತು ಬರೆದಿದ್ದರು: ನಿಮ್ಮವರ ಹೆಸರನ್ನು ಬರೆದುಕೊಂಡವನಿಗೆ ನಿಮ್ಮ ಭಾಷೆ ಬರುತ್ತಿರಲಿಲ್ಲ, ಅವನ ಕಿವಿಗೆ ಅದು ಹೇಗೆ ಕೇಳಿಸಿರಬಹುದೋ ಹಾಗೆ ಹುಡುಕಿ.

ಟೀಚರು ಒಂದು ಹಾಳೆ ತೆಗೆದುಕೊಂಡು, ಸಣ್ಣಜ್ಜನ ಹೆಸರನ್ನು ನನ್ನಿಂದ ನಾಲ್ಕೈದು ಸಲ ಗಟ್ಟಿಯಾಗಿ ಹೇಳಿಸಿದರು. ಕನ್ನಡ ಬಾರದ ಗುಮಾಸ್ತನಂತೆ ತಲೆ ಓರೆ ಮಾಡಿ ಕೇಳಿಸಿಕೊಂಡು ಬರೆದರು. ಹದಿನೇಳು ಬಗೆ ಆಯಿತು. ಒಂದೊಂದಾಗಿ ಹಾಕುತ್ತ ಬಂದೆವು. ಆರನೆಯದಕ್ಕೆ ಒಬ್ಬ ಸಿಕ್ಕ. ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ನೋಡಿದರೆ ತಂದೆಯ ಹೆಸರು ಬೇರೆ, ಊರು ತಮಿಳು ಸೀಮೆಯದು. ಹತ್ತನೆಯದಕ್ಕೆ ಕರೆಂಟು ಹೋಯಿತು. ಬ್ಯಾಟರಿ ಕುಂಯ್ ಕುಂಯ್ ಎಂದು ಅಳತೊಡಗಿತು. ಟೀಚರು, "ನಾಳಿ ಬಾ," ಎಂದರು.

ಮರುದಿನ ಶನಿವಾರ, ಅರ್ಧ ದಿನದ ಶಾಲೆ. ಮಧ್ಯಾಹ್ನ ಡಬ್ಬಿ ಬಿಚ್ಚದೆ ಅಲ್ಲಿಗೆ ಹೋದೆ. ಹದಿನಾಲ್ಕನೆಯ ಬಗೆಯಲ್ಲಿ ಅವನು ಸಿಕ್ಕ.

ಹೆಸರಿನಲ್ಲಿ ಬೇಡದ ಒಂದು ಎಚ್, ಇರಬೇಕಾದ ಕಡೆ ಇಲ್ಲದ ಒಂದು ಎಸ್. ರಸ್ತೆ ಮಾಡುವ, ಸಾಮಾನು ಸಾಗಿಸುವ ತುಕಡಿಯವನು. ವಯಸ್ಸು ಇಪ್ಪತ್ತೆರಡು. ಸತ್ತ ತಾರೀಖು ಇತ್ತು. ಸಮಾಧಿ ಇಲ್ಲ, ಬರ್ಮಾದ ಸ್ಮಾರಕವೊಂದರ ಮೇಲೆ ಹೆಸರು ಕೆತ್ತಿದೆ ಎಂದಿತ್ತು. ಅದರ ಕೆಳಗೆ ಒಂದು ಸಾಲು. ಇಂಥವನ ಮಗ, ಅಲ್ಲಿ ನಮ್ಮ ಮುತ್ತಜ್ಜನ ಹೆಸರು. ಇಂಥವಳ ಗಂಡ, ಅಲ್ಲಿ ನಮ್ಮ ಸಣ್ಣಜ್ಜಿಯ ಹೆಸರು. ಊರು ಇಟ್ಟಿಗಿ, ಬಳ್ಳಾರಿ ಜಿಲ್ಲೆ.

ಟೀಚರು ಮೌಸಿನ ಮೇಲಿನ ಕೈ ತೆಗೆದು ನನ್ನ ಬೆನ್ನ ಮೇಲೆ ಇಟ್ಟರು. "ಅತ್ತುಬಿಡು, ಇಲ್ಲಿ ಯಾರೂ ಇಲ್ಲ," ಎಂದರು.

"ಅಳು ಬರವಲ್ದು ಟೀಚರ್," ಎಂದೆ. ನಿಜವಾಗಿ ನನಗೆ ನಗು ಬರುತ್ತಿತ್ತು. ಇಪ್ಪತ್ತೆರಡು ವರ್ಷದ ಹುಡುಗ, ನವಣೆ ಅನ್ನ ಸೇರದವನು, ಯಾವುದೋ ಕಾಡಿನಲ್ಲಿ ಸತ್ತಿದ್ದಾನೆ, ನಾನು ಹಲ್ಲು ಕಿರಿಯುತ್ತಿದ್ದೇನೆ ಎಂದು ನಾಚಿಕೆಯಾಯಿತು. ಆದರೂ ತಡೆಯಲಾಗಲಿಲ್ಲ. ಅವನು ನಮ್ಮ ಬಾವಿಯಲ್ಲಿ ಇರಲಿಲ್ಲ. ನಮ್ಮ ಬಾವಿಯಲ್ಲಿ ಎಂದೂ ಇರಲಿಲ್ಲ.

ಪ್ರಿಂಟನ್ನು ಮಡಚದೆ ಹಾಜರಿ ಪುಸ್ತಕದ ನಡುವೆ ಇಟ್ಟುಕೊಂಡು ಬಸ್ಸು ಹತ್ತಿದೆ. ನೇರ ಅಂಗಡಿಗೆ ಹೋದೆ. ಅಪ್ಪ ಹಗ್ಗದ ಸುರುಳಿಗಳ ನಡುವೆ ಕೂತಿದ್ದ. ಗಿರಾಕಿ ಹೋಗುವವರೆಗೆ ಕಾದು, ಹಾಳೆ ಅವನ ಮುಂದೆ ಇಟ್ಟು ಒಂದೊಂದೇ ಶಬ್ದದ ಮೇಲೆ ಬೆರಳಿಟ್ಟು ಓದಿ ಹೇಳಿದೆ. ಅಪ್ಪ ಎರಡು ಸಲ ಓದಿಸಿದ. ಮೂರನೆಯ ಸಲ ತಾರೀಖು ಒಂದನ್ನೇ ಓದಿಸಿದ. ಬೆರಳು ಮಡಚಿ ಎಣಿಸಿದ.

"ಅಂದ್ರ ಮನಿ ಬಿಟ್ಟ ಮ್ಯಾಲೂ ಒಂದೂವರಿ ವರ್ಸ ಇದ್ದ."

"ಹೂಂ."

"ಹಂಗಾದ್ರ ನಮ್ಮಪ್ಪ..." ಎಂದ. ಅಲ್ಲಿಗೆ ನಿಲ್ಲಿಸಿ, ಎದ್ದು, ಅಂಗಡಿಯ ಬಾಗಿಲು ಎಳೆದ. ಹಗಲು ಮೂರು ಗಂಟೆಗೆ ಅವನು ಅಂಗಡಿ ಮುಚ್ಚಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, "ಹಸಿವಿ ಆಗೈತಿ," ಎಂದ. ಆಪರೇಷನ್ ಆದಾಗಿನಿಂದ ಅರ್ಧ ರೊಟ್ಟಿಗೆ ಸಾಕು ಅನ್ನುತ್ತಿದ್ದವನು ಎರಡು ರೊಟ್ಟಿ ಉಂಡು, ಮಜ್ಜಿಗೆ ಕುಡಿದು, ಪಡಸಾಲೆಯಲ್ಲಿ ಅಡ್ಡಾಗಿ ಸಂಜೆಯವರೆಗೆ ನಿದ್ದೆ ಹೋದ. ಗೊರಕೆ ಬೀದಿಗೆ ಕೇಳುತ್ತಿತ್ತು.

ಸಣ್ಣಜ್ಜಿಗೆ ಹೇಳುವುದು ನನ್ನ ಪಾಲಿಗೆ ಬಂತು. ಅರವತ್ತು ವರ್ಷ ಕುಂಕುಮ ಇಟ್ಟವಳಿಗೆ ಗಂಡ ಇಲ್ಲ ಎಂದು ಹೇಗೆ ಹೇಳುವುದು? ಹಾಳೆ ಹಿಡಿದು ಮುಂದೆ ಕೂತೆ. ಅವಳೇ ಕೇಳಿದಳು.

"ಸಿಕ್ಕನೇನು?"

"ಸಿಕ್ಕ, ಸಣ್ಣಜ್ಜಿ. ಪಲ್ಟಣಕ್ಕ ಹೋಗಿದ್ದ. ಬರ್ಮಾದಾಗ ತೀರಿಕೊಂಡಾನ."

ಅವಳು ತಲೆ ಆಡಿಸಿದಳು. "ಇರಾಂವ ಆಗಿದ್ರ ಬರ್ತಿದ್ದ," ಎಂದಳು. ಅವಳಿಗೆ ಅದು ಎಂದೋ ಗೊತ್ತಿದ್ದ ಸಂಗತಿ ಎಂಬಂತೆ ಇತ್ತು ಆ ಮಾತು. ನಾನು ಉಳಿದದ್ದನ್ನು ಓದಿದೆ. ಇಂಥವಳ ಗಂಡ ಎಂಬಲ್ಲಿಗೆ ಬಂದಾಗ ನನ್ನ ಕೈ ಹಿಡಿದಳು.

"ಏನಂದಿ?"

"ನಿನ್ನ ಹೆಸರು ಬರಿಸ್ಯಾನ."

"ಎಲ್ಲೈತಿ ತೋರ್ಸು."

ಅವಳ ತೋರುಬೆರಳನ್ನು ಹಿಡಿದು ಆ ಅಕ್ಷರಗಳ ಮೇಲೆ ಇಟ್ಟೆ. ಅಕ್ಷರ ಬಾರದವಳು. ಅದೂ ಇಂಗ್ಲಿಷು, ಅದೂ ತಪ್ಪು ಇಂಗ್ಲಿಷು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬೆರಳಾಡಿಸಿದಳು. ಆಗ ಅತ್ತಳು. ಅಳುತ್ತ ಅಂದಳು, "ಒಮ್ಮೊಮ್ಮೆ, ನಕ್ಕಿದ್ದಕ್ಕ ಸಿಟ್ಟಾಗಿ ಬಿಟ್ಟು ಹೋದನೇನೋ ಅನಸ್ತಿತ್ತು ತಾಯಿ. ಬಿಟ್ಟಿಲ್ಲ ಆತ."

ಸ್ವಲ್ಪ ಹೊತ್ತಿನ ಮೇಲೆ, ನಿದ್ದೆಯಿಂದೆದ್ದ ಅಪ್ಪನೂ ಬಂದು ಕೂತ. ಅವನಿಗೆ ಒಂದು ತಿಳಿಯದಾಗಿತ್ತು. "ಸತ್ತ ಮ್ಯಾಲೆ ಸರಕಾರದ ಕಾಗದ ಬರಬೇಕಿತ್ತಲ್ಲ? ಗುಡೇಕೋಟಿ ಬಿಟ್ಟು ಇಟ್ಟಿಗಿ ಅಂತ ಯಾಕ ಬರಿಸಿದ?"

ಸಣ್ಣಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನು ಇಟ್ಟಿಗ್ಯಾಗ ಇದ್ನೆಲ್ಲೋ. ನಾ ಎಲ್ಲಿದ್ದೆ, ಅದನ್ನ ಬರಿಸ್ಯಾನ. ಅಣ್ಣಾರ ಊರು ಹೇಳಿದ್ರ ಹುಡಿಕ್ಕೊಂಡು ಬಂದು ಎಳಕೊಂಡು ಹೋಗ್ತಾರ ಅಂತ ಹೆದರಿದ್ದಾನು." ಆಮೇಲೆ ಅವಳಿಗೆ ಏನೋ ನೆನಪಾಯಿತು. "ನಾನು ಗುಡೇಕೋಟಿಗೆ ವಾಪಸ್ ಬಂದಮ್ಯಾಲೆ, ಮರು ವರ್ಸ, ಇಟ್ಟಿಗ್ಯಾಗ ಪ್ಲೇಗು ಬಿತ್ತು. ಅಪ್ಪನೂ ಹೋದ, ಅವ್ವನೂ ಹೋದ್ಲು. ನಮ್ಮಣ್ಣ ಮನಿಗೆ ಕೀಲಿ ಹಾಕಿ ಹಡಗಲಿಗೆ ದುಡಿಯಾಕ ಹೋದ. ಕಾಗದ ಬಂದಿದ್ರ ಕೀಲಿ ಹಾಕಿದ ಬಾಗಲಿಗೆ ಬಂದಿರ್ತತಿ."

ಯಾರೂ ತಪ್ಪು ಮಾಡಿರಲಿಲ್ಲ. ಅದೇ ನನಗೆ ದೊಡ್ಡ ಸಮಾಧಾನವಾಗಿ ತೋರಿತು.

ಎರಡು ದಿನ ಬಿಟ್ಟು ಸಣ್ಣಜ್ಜಿ ಗುಡೇಕೋಟೆಗೆ ಹೋಗಬೇಕು ಎಂದು ಹಟ ಹಿಡಿದಳು. ಯಾಕೆ ಎಂದರೆ ಹೇಳಲಿಲ್ಲ. ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಮೂವರೂ ಹೋದೆವು. ಹೊಲದ ಬದುವಿನಲ್ಲಿ ಅಜ್ಜನನ್ನು ಮಣ್ಣು ಮಾಡಿದ ಜಾಗ ಇದೆ, ಒಂದು ಕಲ್ಲುಕಟ್ಟೆ ಅಷ್ಟೆ. ಅವಳು ಕಟ್ಟೆಯ ಮೇಲಿನ ಕಸ ಕೈಯಿಂದ ಬಳಿದು, ನೀರು ಹಾಕಿ ತೊಳೆದು, ವಿಭೂತಿ ಹಚ್ಚಿದಳು. ಆಮೇಲೆ ಅವನು ಎದುರಿಗೆ ಕೂತಿದ್ದಾನೆ ಎಂಬಂತೆ ದನಿಯೆತ್ತಿ ಮಾತಾಡಿದಳು.

"ಭಾವಾರ, ಮೂವತ್ತು ವರ್ಸ ನಿಮ್ಮ ಮಕ ನೋಡಲಿಲ್ಲ ನಾನು. ಮರ್ಯಾದಿ ಅಂತ ತಿಳಿದಿದ್ರಿ ನೀವು. ಮರ್ಯಾದಿ ಅಲ್ರಿ ಅದು. ನೀವು ಮಾಡೀರಿ ಅಂತ ತಿಳಿದಿದ್ದೆ. ನಿಮ್ಮ ಮನ್ಯಾಗ ಉಂಡು ಹಂಗ ತಿಳಿದಿದ್ದೆ. ತಪ್ಪಾತ್ರಿ."

ಅಪ್ಪ ದೂರ ಹೋಗಿ ನಿಂತು ಗುಡ್ಡದ ಕಡೆ ನೋಡುತ್ತಿದ್ದ. ಅವನ ಭುಜ ಅಲುಗುತ್ತಿತ್ತು. ಅವನಿಗೂ ಇದೇ ಮಾತು ಹೇಳುವುದಿತ್ತೇನೋ. ಹೋಗಿ ಕೇಳಲಿಲ್ಲ.

ಅಂದು ಜಗಳ ನೋಡಿದ ಪಕ್ಕದ ಹೊಲದವನು ಇನ್ನೂ ಇದ್ದ. ತೊಂಬತ್ತರ ಹತ್ತಿರ, ಕಿವಿ ಮಂದ. ಊರ ಕಟ್ಟೆಯ ಮೇಲೆ ಕೂತಿದ್ದ. ಅಪ್ಪ ಹಾಳೆಯನ್ನು ನನ್ನ ಕೈಗೆ ಕೊಟ್ಟು, "ಗಟ್ಟಿಯಾಗಿ ಓದವ್ವ," ಎಂದ. ಶಾಲೆಯ ದನಿಯಲ್ಲಿ ಓದಿ ಕನ್ನಡದಲ್ಲಿ ಹೇಳಿದೆ. ಏಳೆಂಟು ಜನ ಸೇರಿದರು. ಮುದುಕ ಹಾಳೆ ಇಸಿದುಕೊಂಡು, ತಿರುಗಿಸಿ ಮುರುಗಿಸಿ ನೋಡಿ, "ಇದು ಎಲ್ಲಿಂದ ಬಂತು?" ಎಂದ.

"ಕಂಪ್ಯೂಟರಿನಿಂದ ಬಂತಜ್ಜ."

"ಸರಕಾರದ್ದೇನು?"

"ಸರಕಾರದೋರು ಬರೆದಿಟ್ಟದ್ದು."

"ಹಂಗಾದ್ರ ಖರೆ," ಎಂದ. ಕಣ್ಣು ಕಿರಿದು ಮಾಡಿ ಅಪ್ಪನನ್ನು ನೋಡಿದ. "ಕಪಾಳಕ್ಕ ಹೊಡದದ್ದು ನೋಡಿದ್ದೆ ನಾನು. ಅಷ್ಟ ನೋಡಿದ್ದೆ. ಉಳಿದದ್ದು ಮಂದಿ ಅಂದ್ರು, ನಾನೂ ಅಂದೆ." ಅಷ್ಟು ಹೇಳಿ ಹಾಳೆ ಹಿಂದಕ್ಕೆ ಕೊಟ್ಟ. ಕ್ಷಮೆ ಕೇಳಲಿಲ್ಲ. ಆದರೆ ನಾವು ಬಸ್ಸಿಗೆ ಹೊರಟಾಗ ಅವನ ಸೊಸೆ ಓಡಿ ಬಂದು ಒಂದು ಚೀಲ ಹಸಿ ಶೇಂಗಾ ಸಣ್ಣಜ್ಜಿಯ ಉಡಿಗೆ ಹಾಕಿದಳು. ಆ ಮನೆಯಿಂದ ನಮಗೆ ಏನಾದರೂ ಬಂದದ್ದು ಅದೇ ಮೊದಲು.

ಸಣ್ಣಜ್ಜಿಗೆ ಇನ್ನೊಂದು ಆಸೆ ಇತ್ತು. ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುವಾಗ ಗಂಡನಿಗೆ ಇಡುವಂತಿರಲಿಲ್ಲ, ಬದುಕಿರಬಹುದು ಎಂದು. ಈಗ ಅವನ ದಿನ ಬೇಕು ಎಂದಳು. ಹಾಳೆಯಲ್ಲಿದ್ದದ್ದು ಇಂಗ್ಲಿಷ್ ತಾರೀಖು. ಟೀಚರು ಮತ್ತೆ ಕಂಪ್ಯೂಟರಿಗೆ ಕೂತರು. ಹಳೆಯ ವರ್ಷಗಳ ಪಂಚಾಂಗ ತೋರಿಸುವ ಪುಟವೊಂದನ್ನು ಹುಡುಕಿ ತಾರೀಖು ಹಾಕಿದರು. ಶಿವರಾತ್ರಿಗೆ ಎರಡು ದಿನ ಮುಂಚೆ ಎಂದು ಬಂತು. ಸಣ್ಣಜ್ಜಿಗೆ ಹೇಳಿದೆ. "ಚಲೋ ದಿನ. ನೆನಪಿಡಾಕ ಹಗುರ ಐತಿ," ಎಂದಳು. ಆ ವರ್ಷ ಅವನಿಗೆ ನವಣೆ ಬಿಟ್ಟು ಅಕ್ಕಿಯ ಅನ್ನ ಮಾಡಿ ಎಡೆ ಇಟ್ಟಳು. ಕುಂಕುಮದ ಮಾತು ಬಂದಾಗ, ನೆರೆಮನೆಯ ಹೆಂಗಸೊಬ್ಬಳು ಏನೋ ಅನ್ನಲು ಹೋದಳು. ಸಣ್ಣಜ್ಜಿ, "ಹಣಿ ನಂದು," ಎಂದಳು. ಇಡುವುದನ್ನು ಬಿಡಲಿಲ್ಲ.

ಆ ಪರದೇಶದ ಹೆಂಗಸಿಗೆ ಎಲ್ಲವನ್ನೂ ಬರೆದೆ. ಅವರು ಒಂದೇ ಸಾಲು ಬರೆದರು: ನಿಮ್ಮವರೂ ನಮ್ಮವರೂ ಒಂದೇ ರಸ್ತೆಯಲ್ಲಿ ನಡೆದಿರಬಹುದು. ಅದನ್ನು ಸಣ್ಣಜ್ಜಿಗೆ ಓದಿ ಹೇಳಿದಾಗ, "ಆಕಿಗೆ ಮಕ್ಕಳೆಷ್ಟಂತ ಕೇಳು," ಎಂದಳು. ಕೇಳಿದೆ. ಮೂವರಂತೆ.

ಎರಡು ವರ್ಷದ ಮೇಲೆ ನನ್ನ ಮಗಳನ್ನು ನೋಡಲು ಹಡಗಲಿಯಿಂದ ಜನ ಬಂದರು. ಇನ್ನೂ ಚಹಾ ಬಂದಿರಲಿಲ್ಲ. ಅಪ್ಪ ತಾನಾಗಿಯೇ, "ನಮ್ಮ ಮನೀದೊಂದು ಕತಿ ಐತ್ರಿ, ಬ್ಯಾರೇರು ಹೇಳೂದಕ್ಕಿಂತ ಮೊದಲು ನಾನ ಹೇಳ್ತೀನಿ," ಎಂದು ಶುರು ಮಾಡಿದ. ಬಾವಿಯಿಂದ ಬರ್ಮಾದವರೆಗೆ ಒಂದೂ ಬಿಡದೆ ಹೇಳಿದ. ಜೀವನವಿಡೀ ಬಾಯಿ ಮುಚ್ಚಿಕೊಂಡಿದ್ದವನು ಕೈ ಬೀಸಿ ಬೀಸಿ ಹೇಳುತ್ತಿದ್ದ. ನಾನು ಒಳಗಿನಿಂದ ಕೇಳುತ್ತ ನಿಂತಿದ್ದೆ, ತಟ್ಟೆಯಲ್ಲಿನ ಚಹಾ ಆರಿಹೋಯಿತು.

ಬಂದವರಲ್ಲಿ ಹಿರಿಯನಾದವನು ಎಲ್ಲ ಕೇಳಿಸಿಕೊಂಡು, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಮ್ಮತ್ತಿ ಒಬ್ಬಾಕಿ, ಲಗ್ನ ಮಾಡಿಕೊಟ್ಟ ಮ್ಯಾಲೆ ಸುದ್ದಿನ ಇಲ್ರಿ. ಮುಂಬಯಿ ಕಡಿಗೆ ಹೋದ್ರು ಅಂತಾರ. ನಿಮ್ಮ ಮಗಳು ಹುಡುಕಿಕೊಡ್ತಾರೇನು?"

"ಕೊಡ್ತಾಳ್ರಿ," ಎಂದ ಅಪ್ಪ, ನನ್ನನ್ನು ಕೇಳದೆ. "ಮೊದಲು ಚಹಾ ಕುಡೀರಿ."